ಎಂ-3 ಪತ್ರಿಕೆ, ನಾಲ್ಕನೆಯ ಸಲ: ಒಂದು ಪ್ರಕರಣ ಅಧ್ಯಯನ

ಇಂಜಿನಿಯರಿಂಗ್ ಪದವಿಯಲ್ಲಿ ಒಂದು ವಿಷಯ ಪಾಸಾಗದೆ ಉಳಿದುಕೊಂಡರೆ ವಿದ್ಯಾರ್ಥಿಗೆ ಪರೀಕ್ಷೆ ಮರಳಿ ಸಿಗುತ್ತದೆ, ಪಾಠ ಮರಳಿ ಸಿಗುವುದಿಲ್ಲ. ಗಣಿತದ ಅಧ್ಯಾಪಕಿಯಾಗಿ ಇದು ನನಗೆ ಮೊದಲಿನಿಂದಲೂ ಗೊತ್ತಿದ್ದ ಸಂಗತಿಯೇ. ಆದರೆ ಅದರ ಭಾರ ಎಷ್ಟೆಂಬುದು ತಿಳಿದದ್ದು ಒಬ್ಬ ಹುಡುಗನ ಉತ್ತರ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿಕೊಂಡು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಟಪುಟವಾಗಿ ಓದಿದ ದಿನ. ಆ ಹುಡುಗನ ಅನುಮತಿ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವನ ಹೆಸರಾಗಲಿ ಕಾಲೇಜಿನ ಹೆಸರಾಗಲಿ ಇಲ್ಲಿ ಇಲ್ಲ.

ಅವನು ಗದಗ ಜಿಲ್ಲೆಯವನು. ತಂದೆಗೆ ಊರಿನ ಬಸ್ ನಿಲ್ದಾಣದ ಹಿಂದೆ ಒಂದು ಸಣ್ಣ ವೆಲ್ಡಿಂಗ್ ಅಂಗಡಿ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಮೂರು ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ. ಡಿಪ್ಲೊಮಾದಲ್ಲಿ ಒಳ್ಳೆಯ ಅಂಕ ಪಡೆದು, ಡಿಪ್ಲೊಮಾ ಮುಗಿಸಿದವರಿಗಿರುವ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು, 2022ರಲ್ಲಿ ಬಿ.ಇ. ಪದವಿಯ ಎರಡನೇ ವರ್ಷಕ್ಕೆ ನೇರವಾಗಿ ಸೇರಿದ. ಇದನ್ನು ಲ್ಯಾಟರಲ್ ಪ್ರವೇಶ ಎನ್ನುತ್ತಾರೆ. ಮೊದಲ ವರ್ಷದ ಎರಡು ಸೆಮಿಸ್ಟರುಗಳು ಇವರಿಗೆ ಇರುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಸಂತೋಷವಾಗಿತ್ತು, ಒಂದು ವರ್ಷ ಉಳಿಯಿತು ಎಂದು.

ಆ ಉಳಿದ ವರ್ಷವೇ ಮುಂದೆ ಅವನನ್ನು ಕಾಡಿತು.

ಮೂರನೇ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳು ಎಂ-3 ಎಂದು ಕರೆಯುವ ಗಣಿತ ಪತ್ರಿಕೆ ಇರುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2021ರ ಪಠ್ಯಕ್ರಮದಲ್ಲಿ ಅದರ ಐದು ಭಾಗಗಳು ಹೀಗಿದ್ದವು: ಮೊದಲನೆಯದು ಲ್ಯಾಪ್ಲಾಸ್ ರೂಪಾಂತರ, ಎರಡನೆಯದು ಫೋರಿಯರ್ ಶ್ರೇಣಿ, ಮೂರನೆಯದು ಫೋರಿಯರ್ ಮತ್ತು ಝಡ್ ರೂಪಾಂತರ, ನಾಲ್ಕನೆಯದು ಆಂಶಿಕ ಅವಕಲ ಸಮೀಕರಣಗಳನ್ನು ಅಂಕಿಗಳಿಂದ ಬಿಡಿಸುವ ವಿಧಾನ, ಐದನೆಯದು ರುಂಗೆ-ಕುಟ್ಟಾ, ಮಿಲ್ನೆ ವಿಧಾನಗಳು ಮತ್ತು ಕ್ಯಾಲ್ಕುಲಸ್ ಆಫ್ ವೇರಿಯೇಷನ್ಸ್. ಪಿಯುಸಿ ಮುಗಿಸಿ ಬಂದ ಹುಡುಗರು ಈ ಪತ್ರಿಕೆಯ ಮುಂದೆ ಕೂರುವ ಹೊತ್ತಿಗೆ ಎರಡು ವರ್ಷ ಪಿಯುಸಿ ಗಣಿತವನ್ನೂ ಬಿ.ಇ. ಮೊದಲ ವರ್ಷದ ಎರಡು ಗಣಿತ ಪತ್ರಿಕೆಗಳನ್ನೂ ದಾಟಿರುತ್ತಾರೆ. ಇವನು ಗಣಿತವನ್ನು ಗಂಭೀರವಾಗಿ ಓದಿ ಬರೆದದ್ದು ಡಿಪ್ಲೊಮಾ ಮೊದಲ ವರ್ಷದಲ್ಲಿ. ನಡುವೆ ಎರಡು ವರ್ಷ ಲೇತ್, ಮಿಲ್ಲಿಂಗ್, ಡ್ರಾಯಿಂಗ್, ಥರ್ಮಲ್. ಈ ಕೊರತೆ ತುಂಬಲೆಂದೇ ಲ್ಯಾಟರಲ್ ಪ್ರವೇಶದವರಿಗೆ ಹೆಚ್ಚುವರಿ ಗಣಿತದ ಪತ್ರಿಕೆ ಇದೆ, ನಿಜ. ಆದರೆ ಅದೂ ಆರಂಭವಾಗುವುದು ಮೂರನೇ ಸೆಮಿಸ್ಟರಿನಲ್ಲಿಯೇ. ಸೋಮವಾರ ಬೆಳಿಗ್ಗೆ ಲ್ಯಾಪ್ಲಾಸ್ ಕಲಿತು, ಅದಕ್ಕೆ ಬೇಕಾದ ಬೀಜಗಣಿತವನ್ನು ಗುರುವಾರ ಮಧ್ಯಾಹ್ನ ಕಲಿಯುವ ಸ್ಥಿತಿ ಅವನದು.

ಅಂಕಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಮುಂದಿನ ಕಥೆಗೆ ಅದು ಬೇಕು. ಆಂತರಿಕ ಅಂಕ 50, ಸೆಮಿಸ್ಟರ್ ಅಂತ್ಯದ ಪರೀಕ್ಷೆ 50. ಆಂತರಿಕದಲ್ಲಿ ಕನಿಷ್ಠ 20, ಅಂತಿಮ ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ ಕನಿಷ್ಠ 40 ಬರಬೇಕು. ಅಂತಿಮ ಪರೀಕ್ಷೆಯನ್ನು 100 ಅಂಕಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ. ಮೂರು ಗಂಟೆ, ಹತ್ತು ಪ್ರಶ್ನೆ, ಪ್ರತಿ ಭಾಗದಿಂದ ಎರಡು. ಪ್ರತಿ ಭಾಗದಿಂದ ಒಂದೊಂದನ್ನು ಆರಿಸಿ ಐದು ಪೂರ್ಣ ಪ್ರಶ್ನೆಗಳಿಗೆ ಉತ್ತರಿಸಬೇಕು. ಇವನ ಆಂತರಿಕ ಅಂಕ 24. ವಿಷಯ ಉಳಿದುಕೊಂಡರೂ ಆ 24 ಹಾಗೆಯೇ ನಿಲ್ಲುತ್ತದೆ. ಹಾಗಾಗಿ ಅವನಿಗೆ ಬೇಕಾಗಿದ್ದದ್ದು ಅಂತಿಮ ಪರೀಕ್ಷೆಯಲ್ಲಿ 18, ಅಂದರೆ ನೂರಕ್ಕೆ ಮೂವತ್ತೈದು.

ಮೊದಲ ಸಲ ಬಂದದ್ದು 7. ನಾಲ್ಕನೇ ಸೆಮಿಸ್ಟರಿನ ಪರೀಕ್ಷೆಗಳ ಜೊತೆಗೆ ಎರಡನೇ ಸಲ ಬರೆದಾಗ 12.

ಒಂದು ವಿಷಯ ಉಳಿದರೆ ಏನು ಮಹಾ ಎಂದು ಹೊರಗಿನವರು ಕೇಳಬಹುದು. ಅವನ ತಂಡಕ್ಕೆ ಅನ್ವಯವಾಗುತ್ತಿದ್ದ ನಿಯಮದ ಪ್ರಕಾರ ಎರಡನೇ ವರ್ಷದ ನಾಲ್ಕು ವಿಷಯಗಳವರೆಗೆ ಉಳಿಸಿಕೊಂಡು ಮೂರನೇ ವರ್ಷಕ್ಕೆ ಹೋಗಬಹುದಿತ್ತು. ಆದರೆ ಅಂತಿಮ ವರ್ಷಕ್ಕೆ, ಅಂದರೆ ಏಳನೇ ಸೆಮಿಸ್ಟರಿಗೆ ಕಾಲಿಡಬೇಕಾದರೆ ಎರಡನೇ ವರ್ಷದ್ದು ಒಂದೂ ಉಳಿದಿರಬಾರದು. ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿದ್ದರೂ ಎಂ-3 ಒಂದೇ ಅವನನ್ನು ಬಾಗಿಲಲ್ಲಿ ನಿಲ್ಲಿಸಬಹುದಿತ್ತು. ಹೀಗೆ ಒಂದೆರಡು ವಿಷಯಕ್ಕಾಗಿ ವರ್ಷವನ್ನೇ ಕಳೆದುಕೊಳ್ಳುವುದನ್ನು ವಿದ್ಯಾರ್ಥಿಗಳು ‘ಕ್ರಿಟಿಕಲ್ ಇಯರ್ ಬ್ಯಾಕ್’ ಎನ್ನುತ್ತಾರೆ. ಪಠ್ಯಕ್ರಮ ಬದಲಾದಂತೆ ಈ ನಿಯಮಗಳೂ ಬದಲಾಗುತ್ತವೆ. ಓದುಗರಲ್ಲಿ ಯಾರಾದರೂ ಇದೇ ಸ್ಥಿತಿಯಲ್ಲಿದ್ದರೆ ತಮ್ಮ ಪ್ರವೇಶ ವರ್ಷದ ನಿಯಮಾವಳಿಯನ್ನೇ ತೆರೆದು ನೋಡಬೇಕು, ಸೀನಿಯರ್ ಹೇಳಿದ ಮಾತನ್ನು ನಂಬಿ ಕೂರಬಾರದು.

ನಾನು ಕೊಟ್ಟ ತಪ್ಪು ಸಲಹೆ

ಐದನೇ ಸೆಮಿಸ್ಟರಿನಲ್ಲಿ ಅವನು ನನ್ನ ಮಾರ್ಗದರ್ಶನದ ಗುಂಪಿಗೆ ಬಂದ. ನಮ್ಮಲ್ಲಿ ಒಬ್ಬೊಬ್ಬ ಅಧ್ಯಾಪಕರಿಗೆ ಇಪ್ಪತ್ತು ವಿದ್ಯಾರ್ಥಿಗಳ ಹೊಣೆ ಇರುತ್ತದೆ. ಮೊದಲ ಭೇಟಿಯಲ್ಲಿ ಅವನು ಹೆಚ್ಚು ಮಾತಾಡಲಿಲ್ಲ. "ಎಂ-3 ಒಂದು ಇದೆ ಮೇಡಂ, ಈ ಸಲ ಆಗುತ್ತದೆ" ಎಂದ. ಹೇಗೆ ಓದುತ್ತಿದ್ದೀಯ ಎಂದು ಕೇಳಿದ್ದಕ್ಕೆ ಜೆರಾಕ್ಸ್ ಅಂಗಡಿಯಲ್ಲಿ ಕೊಂಡ ಒಂದು ತೆಳು ಪುಸ್ತಿಕೆ ತೋರಿಸಿದ. ಪದೇ ಪದೇ ಬರುವ ಮೂವತ್ತು ಪ್ರಶ್ನೆಗಳು, ಅವುಗಳ ಬಿಡಿಸಿದ ಉತ್ತರಗಳು.

ನಾನು ಅದನ್ನು ಬೇಡ ಎನ್ನಲಿಲ್ಲ. ಇನ್ನೂ ಮುಂದೆ ಹೋಗಿ, "ನಾಲ್ಕನೇ ಭಾಗ ನಿನಗೆ ಹೊಸತು, ಉದ್ದವೂ ಹೌದು, ಅದನ್ನು ಬಿಟ್ಟುಬಿಡು. ಉಳಿದ ನಾಲ್ಕರಲ್ಲಿ ಮೂವತ್ತೈದು ತೆಗೆ" ಎಂದೆ. ಎಂಬತ್ತು ಅಂಕಕ್ಕೆ ಮೂವತ್ತೈದು ಕಷ್ಟವಲ್ಲ ಎಂಬುದು ನನ್ನ ಲೆಕ್ಕ. ಅವನು ಯಾವುದನ್ನು ಬಲ್ಲ, ಯಾವುದನ್ನು ಅರಿಯ ಎಂದು ಒಂದು ಲೆಕ್ಕವನ್ನೂ ಬಿಡಿಸಿ ನೋಡದೆ ಈ ಸಲಹೆ ಕೊಟ್ಟೆ. ಸಿಲಬಸ್ಸಿನ ಉದ್ದ ನೋಡಿ ಹೇಳಿದೆ, ಹುಡುಗನನ್ನು ನೋಡಿ ಹೇಳಲಿಲ್ಲ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಮೂರನೇ ಸಲ ಬಂದದ್ದು 16. ನೂರಕ್ಕೆ 32.

ಎರಡು ಅಂಕ ಕಡಿಮೆ. ಈ ಎರಡು ಅಂಕ ಬಹಳ ಅಪಾಯಕಾರಿ, ಏಕೆಂದರೆ ಸುತ್ತಲಿನವರೆಲ್ಲ ಅದನ್ನು ಅದೃಷ್ಟದ ಖಾತೆಗೆ ಹಾಕುತ್ತಾರೆ. ಹಾಸ್ಟೆಲಿನ ಗೆಳೆಯರು ಮೌಲ್ಯಮಾಪಕರು ಬಿಗಿಯಾಗಿದ್ದರು ಎಂದರು. ಇವನೂ ಹಾಗೆಯೇ ನಂಬಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದ. ಅಂಕ ಬದಲಾಗಲಿಲ್ಲ. ಅದೇ ವಾರ ಅವನ ತಂದೆ ಶುಲ್ಕ ಕಟ್ಟಲು ಬಂದವರು ನನ್ನ ಕೊಠಡಿಯ ಬಾಗಿಲಲ್ಲಿ ನಿಂತರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಎಷ್ಟು ಹೇಳಿದರೂ ಕುರ್ಚಿಯ ತುದಿಯಲ್ಲಿಯೇ ಕುಳಿತರು.

"ಮೇಡಂ, ಮಗ ಎಲ್ಲ ಪಾಸಾಗಿದೆ ಎಂದು ಹೇಳುತ್ತಾನೆ. ಆದರೆ ರಾತ್ರಿ ಊಟ ಸರಿಯಾಗಿ ಮಾಡುವುದಿಲ್ಲ. ಏನಾದರೂ ಇದ್ದರೆ ನನಗೆ ಹೇಳಿ."

ಮಗ ಪಕ್ಕದಲ್ಲಿಯೇ ನಿಂತಿದ್ದ. ಒಂದೂವರೆ ವರ್ಷದಿಂದ ಅವನು ಮನೆಯಲ್ಲಿ ಹೇಳಿರಲಿಲ್ಲ. ನಾನು ಹೇಳಲಿಲ್ಲ, "ನೀನೇ ಹೇಳಪ್ಪ" ಎಂದು ಅವನತ್ತ ನೋಡಿದೆ. ಅವನು ನೆಲ ನೋಡುತ್ತ ಹೇಳಿದ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೇ ವಿಷಯವೇ? ಮೂರು ಸಲ ಬರೆದಿದ್ದೀಯಾ? ಒಬ್ಬನೇ ಬರೆದೆಯಾ, ಯಾರ ಹತ್ತಿರವೂ ಕೇಳಲಿಲ್ಲವಾ?" ಎಂದರು. ಗದರಲಿಲ್ಲ. ಅಂಗಡಿಗೆ ಕೆಲಸ ಕಲಿಯಲು ಬಂದ ಹುಡುಗ ಬೆಸುಗೆ ಕೆಡಿಸಿದಾಗ ಅವರು ಕೇಳುವ ಪ್ರಶ್ನೆ ಅದೇ ಇರಬೇಕು ಎಂದು ನನಗೆ ಅನ್ನಿಸಿತು. ಮೂರು ಸಲ ಬರೆದ ಹುಡುಗನಿಗೆ ಆ ಪ್ರಶ್ನೆಯನ್ನು ನಮ್ಮ ಕಾಲೇಜಿನಲ್ಲಿ ನಾನೂ ಸೇರಿದಂತೆ ಯಾರೂ ಕೇಳಿರಲಿಲ್ಲ.

ಉತ್ತರ ಪತ್ರಿಕೆ

ಮರುಮೌಲ್ಯಮಾಪನದ ಅರ್ಜಿಯ ಜೊತೆಗೆ ಅವನು ಉತ್ತರ ಪತ್ರಿಕೆಯ ಪ್ರತಿಯನ್ನೂ ತರಿಸಿಕೊಂಡಿದ್ದ. ಅಂಕ ಕೂಡಿಸುವುದರಲ್ಲಿ ತಪ್ಪಿದೆಯೇ ಎಂದು ಒಮ್ಮೆ ನೋಡಿ ಮೊಬೈಲಿನಲ್ಲಿ ಹಾಗೆಯೇ ಇಟ್ಟುಕೊಂಡಿದ್ದ. ಅದನ್ನು ಮುದ್ರಿಸಿ ತರಲು ಹೇಳಿದೆ. ಬಹುಪಾಲು ವಿದ್ಯಾರ್ಥಿಗಳು ಆ ಪ್ರತಿಯನ್ನು ಮೌಲ್ಯಮಾಪಕರ ತಪ್ಪು ಹುಡುಕಲು ತೆರೆಯುತ್ತಾರೆ. ಅದರಲ್ಲಿ ತಮ್ಮ ಕೈಯ ತಪ್ಪುಗಳು ಅಚ್ಚಾಗಿರುತ್ತವೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಭಾಗವಾರು ಅಂಕ ಹೀಗಿತ್ತು: ಮೊದಲನೆಯದರಲ್ಲಿ 9, ಎರಡನೆಯದರಲ್ಲಿ 6, ಮೂರನೆಯದರಲ್ಲಿ 4, ನಾಲ್ಕನೆಯದು ಖಾಲಿ, ಐದನೆಯದರಲ್ಲಿ 13. ಕಳೆದುಕೊಂಡ 68 ಅಂಕಗಳ ಪಕ್ಕದಲ್ಲಿ ನಾವಿಬ್ಬರೂ ಕೂತು ಕಾರಣ ಬರೆಯುತ್ತ ಹೋದೆವು. ಎರಡು ಸಂಜೆ ಹಿಡಿಯಿತು. ಕೊನೆಯಲ್ಲಿ ಬಂದ ಲೆಕ್ಕ: ಬರೆಯದೇ ಬಿಟ್ಟದ್ದಕ್ಕೆ 32, ಬೀಜಗಣಿತ ಮತ್ತು ಇಂಟಿಗ್ರೇಷನ್ನಿನ ಜಾರುವಿಕೆಗೆ 23, ಪ್ರಶ್ನೆ ಏನು ಕೇಳುತ್ತಿದೆ ಎಂದು ತಿಳಿಯದೆ ಹೋದದ್ದಕ್ಕೆ 6. ಎಂ-3ರ ವಿಷಯವೇ ಗೊತ್ತಿಲ್ಲದೆ ಹೋದ ಅಂಕಗಳು 7.

ಏಳು. ಆ ಅಂಕಿಯನ್ನು ಅವನೂ ನಾನೂ ಬಹಳ ಹೊತ್ತು ನೋಡಿದೆವು. ಮೂರು ಸಲ ಅನುತ್ತೀರ್ಣನಾದ ಹುಡುಗ, ತನಗೆ ಎಂ-3 ತಲೆಗೆ ಹತ್ತುವುದಿಲ್ಲ ಎಂದು ನಂಬಿಕೊಂಡಿದ್ದ ಹುಡುಗ, ಎಂ-3 ತಿಳಿಯದೆ ಕಳೆದುಕೊಂಡದ್ದು ಏಳೇ ಅಂಕ.

ಜಾರುವಿಕೆ ಎಂದೆನಲ್ಲ, ಅವು ಹೇಗಿದ್ದವು ಎಂದು ಹೇಳಬೇಕು. ವಿಲೋಮ ಲ್ಯಾಪ್ಲಾಸ್ ಕಂಡುಹಿಡಿಯಲು ಮೊದಲು ಕೊಟ್ಟ ಭಿನ್ನರಾಶಿಯನ್ನು ಸಣ್ಣ ಸಣ್ಣ ಭಿನ್ನರಾಶಿಗಳಾಗಿ ಒಡೆಯಬೇಕು. ಪಾರ್ಷಿಯಲ್ ಫ್ರ್ಯಾಕ್ಷನ್ ಎನ್ನುತ್ತೇವೆ. ಇವನು ಒಡೆಯುವ ಮೊದಲ ಸಾಲನ್ನು ಸರಿಯಾಗಿ ಬರೆದಿದ್ದ. ಎರಡನೆಯ ಸ್ಥಿರಾಂಕ ಋಣ ಒಂದು ಬರಬೇಕಾದಲ್ಲಿ ಧನ ಒಂದು ಬರೆದಿದ್ದ. ಮುಂದಿನ ಲ್ಯಾಪ್ಲಾಸ್ ಹೆಜ್ಜೆಗಳೆಲ್ಲ ಸರಿ, ಉತ್ತರ ತಪ್ಪು. ಫೋರಿಯರ್ ಶ್ರೇಣಿಯಲ್ಲಿ ಎಕ್ಸ್ ವರ್ಗದ ಲೆಕ್ಕ ಬಂದಿತ್ತು, ಋಣ ಪೈನಿಂದ ಧನ ಪೈವರೆಗೆ. ಅಲ್ಲಿ ಬರ್ನೌಲಿ ನಿಯಮ ಹಾಕಿ ಇಂಟಿಗ್ರೇಟ್ ಮಾಡುವಾಗ ಋಣ ಗುಣಿಸು ಋಣ ಮತ್ತೆ ಋಣವೇ ಆಗಿತ್ತು. ಅದೂ ಸಾಲದೆಂಬಂತೆ, ಎನ್ ಪೈನ (ಪೈ ಎಂದರೆ ಇಲ್ಲಿ 180 ಡಿಗ್ರಿ) ಕೊಸೈನ್ ಬೆಲೆಯನ್ನು ಪ್ರತಿ ಸಲವೂ ಋಣ ಒಂದು ಎಂದೇ ಬರೆದಿದ್ದ.

"ಏಕೆ ಹೀಗೆ ಬರೆದೆ?" ಎಂದು ಕೇಳಿದೆ.

"ಕಾಸ್ 180 ಋಣ ಒಂದಲ್ಲವೇ ಮೇಡಂ?"

"ಹೌದು. ಕಾಸ್ 360?"

ಸ್ವಲ್ಪ ಯೋಚಿಸಿ "ಒಂದು" ಎಂದ. ಆಮೇಲೆ ಪತ್ರಿಕೆಯ ಮೇಲೆ ಬಗ್ಗಿ, ಆ ಎನ್ ಎಂಬ ಅಕ್ಷರದ ಮೇಲೆ ಬೆರಳಿಟ್ಟು, "ಇದು ಎರಡಾದಾಗ ಒಂದು, ಮೂರಾದಾಗ ಋಣ ಒಂದು" ಎಂದು ತನಗೆ ತಾನೇ ಹೇಳಿಕೊಂಡ. ಸಮ ಸಂಖ್ಯೆಗೆ ಧನ, ಬೆಸ ಸಂಖ್ಯೆಗೆ ಋಣ. ಒಂದೂವರೆ ವರ್ಷ ಅವನು ಆ ಎನ್ ಅನ್ನು ಅಲಂಕಾರಕ್ಕೆ ಇಟ್ಟ ಅಕ್ಷರ ಎಂದು ತಿಳಿದಿದ್ದ. ಜೆರಾಕ್ಸ್ ಪುಸ್ತಿಕೆಯಲ್ಲಿ ಆ ಹೆಜ್ಜೆ ಒಂದೇ ಸಾಲಿನಲ್ಲಿ ಮುಗಿದಿತ್ತು. ತರಗತಿಯಲ್ಲಿ ನಾವೂ ಅದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇವೆ, ಮೊದಲ ವರ್ಷದಲ್ಲಿ ಕಲಿತಿರುತ್ತಾರೆ ಎಂಬ ಭರವಸೆಯಿಂದ.

ಪ್ರಶ್ನೆ ತಿಳಿಯದೆ ಹೋದ ಆರು ಅಂಕಗಳದ್ದು ಬೇರೆಯೇ ಕಥೆ. ಫೋರಿಯರ್ ಶ್ರೇಣಿಯ ಪ್ರಶ್ನೆಗಳ ಕೊನೆಯಲ್ಲಿ ‘ಹೆನ್ಸ್ ಡಿಡ್ಯೂಸ್ ದಟ್’ ಎಂದು ಒಂದು ಬಾಲ ಇರುತ್ತದೆ. ಮೂರೂ ಪರೀಕ್ಷೆಗಳಲ್ಲಿ ಅವನು ಅದನ್ನು ಮುಟ್ಟಿರಲಿಲ್ಲ, ಅದು ಇನ್ನೊಂದು ಹೊಸ ಲೆಕ್ಕ ಎಂದು ಭಾವಿಸಿ. ‘ಈಗ ಬಂದ ಉತ್ತರದಿಂದಲೇ ಇದನ್ನು ತೋರಿಸು’ ಎಂದು ನಾನು ಕನ್ನಡದಲ್ಲಿ ಹೇಳಿದಾಗ, "ಅಷ್ಟೇನಾ?" ಎಂದ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಾವು ಒಟ್ಟಾರೆ ಹೇಳಿಬಿಡುತ್ತೇವೆ. ಇಡೀ ಪ್ರಶ್ನೆಪತ್ರಿಕೆಯಲ್ಲಿ ಇವನಿಗೆ ತೊಡಕಾದದ್ದು ಐದಾರು ಪದಗಳು. ಅವುಗಳ ಪಟ್ಟಿ ಮಾಡಿ ಕೊಡಲು ನನಗೆ ಹತ್ತು ನಿಮಿಷ ಹಿಡಿಯಿತು.

ಹದಿನಾಲ್ಕು ವಾರ

ಆರನೇ ಸೆಮಿಸ್ಟರ್ ಮುಗಿಯುವವರೆಗೆ ನಮಗೆ ಹದಿನಾಲ್ಕು ವಾರ ಇತ್ತು. ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕಕ್ಕೆ, ಐವತ್ತು ನಿಮಿಷ. ಅವನ ಆರನೇ ಸೆಮಿಸ್ಟರಿನ ವಿಷಯಗಳೂ ನಡೆಯಬೇಕಾದ್ದರಿಂದ ಇದಕ್ಕಿಂತ ಹೆಚ್ಚು ಸಮಯ ಕೇಳುವಂತಿರಲಿಲ್ಲ. ಹಳೆಯ ವಿಷಯ ತೆಗೆಯಲು ಹೋಗಿ ಹೊಸದನ್ನು ಉಳಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮೊದಲ ಮೂರು ವಾರ ಎಂ-3 ಪುಸ್ತಕ ತೆರೆಯಲೇ ಇಲ್ಲ. ನನ್ನ ತಂಗಿಯ ಮಗಳ ದ್ವಿತೀಯ ಪಿಯುಸಿ ಗಣಿತ ಪುಸ್ತಕ ತಂದುಕೊಟ್ಟೆ. ಇಂಟಿಗ್ರಲ್ಸ್ ಅಧ್ಯಾಯದ ಪಾರ್ಷಿಯಲ್ ಫ್ರ್ಯಾಕ್ಷನ್ ಮತ್ತು ಬೈ ಪಾರ್ಟ್ಸ್, ಇವೆರಡೇ. ಅವನಿಗೆ ಇದು ಅವಮಾನ ಎನಿಸಿತು, ಮುಖದಲ್ಲಿ ಕಾಣುತ್ತಿತ್ತು. ಮೂರನೇ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಪಿಯುಸಿ ಪುಸ್ತಕ ಹಿಡಿದು ಕೂರುವುದು ಸುಲಭವಲ್ಲ. ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿಕೊಂಡು ಓದಿದ. ಪ್ರತಿದಿನ ಐದು ಲೆಕ್ಕ, ಪ್ರತಿ ಲೆಕ್ಕದ ಕೊನೆಯಲ್ಲಿ ತಾಳೆ ನೋಡುವುದು: ಒಡೆದ ಭಿನ್ನರಾಶಿಗಳಲ್ಲಿ ಚರಾಕ್ಷರದ ಬದಲು, ಛೇದವನ್ನು ಸೊನ್ನೆ ಮಾಡದ ಒಂದು ಸಣ್ಣ ಅಂಕಿ ಹಾಕಿದರೆ ಮೂಲ ಭಿನ್ನರಾಶಿಯ ಬೆಲೆಯೇ ಬರಬೇಕು. ಅರ್ಧ ನಿಮಿಷದ ಕೆಲಸ. ಋಣ ಚಿಹ್ನೆಯ ತಪ್ಪನ್ನು ಹಿಡಿಯಲು ಇಷ್ಟು ಸಾಕು. ಎರಡನೇ ವಾರದ ಕೊನೆಗೆ ಅವನು ತನ್ನ ತಪ್ಪನ್ನು ನಾನು ಹೇಳುವ ಮೊದಲೇ ಹೊಡೆದುಹಾಕತೊಡಗಿದ.

ನಾಲ್ಕನೇ ವಾರ ನಾನು ಬಿಡಲು ಹೇಳಿದ್ದ ನಾಲ್ಕನೇ ಭಾಗಕ್ಕೆ ಬಂದೆವು. ಐದನೇ ಭಾಗದಲ್ಲಿ ಅವನಿಗೆ 13 ಬಂದದ್ದನ್ನು ನೋಡಿ ನನಗೆ ಒಂದು ಅನುಮಾನ ಬಂದಿತ್ತು. ರುಂಗೆ-ಕುಟ್ಟಾ ಎಂದರೆ ಹೆಜ್ಜೆ ತಪ್ಪದೆ ಅಂಕಿ ಲೆಕ್ಕ ಹಾಕುವುದು. ವರ್ಕ್‌ಶಾಪಿನಲ್ಲಿ ಅಳತೆ ತೆಗೆದು ಕೋಷ್ಟಕ ತುಂಬಿ ಬೆಳೆದ ಕೈಗೆ ಅದು ಒಗ್ಗುತ್ತದೆ. ನಾಲ್ಕನೇ ಭಾಗವೂ ಅದೇ ಜಾತಿಯದು. ಕಾದ ಸರಳಿನ ಶಾಖ ಹೇಗೆ ಹರಿಯುತ್ತದೆ ಎಂಬ ಸಮೀಕರಣವನ್ನು ಶ್ಮಿಟ್ ವಿಧಾನದಲ್ಲಿ ಬಿಡಿಸುವಾಗ, ಹೆಜ್ಜೆಯ ಅಳತೆಗಳನ್ನು ಸರಿಯಾಗಿ ಆರಿಸಿಕೊಂಡರೆ ಸೂತ್ರ ಬಹಳ ಸರಳವಾಗುತ್ತದೆ: ಕೆಳಗಿನ ಸಾಲಿನ ಪ್ರತಿ ಮನೆಗೂ ಮೇಲಿನ ಸಾಲಿನ ಎಡ ಮತ್ತು ಬಲ ಮನೆಗಳ ಸರಾಸರಿ. ಸರಳಿನ ಎರಡು ತುದಿಗಳು ತಣ್ಣಗೆ ಸೊನ್ನೆಯಲ್ಲಿರಲಿ. ಮೊದಲ ಸಾಲು 0, 3, 4, 3, 0. ಎರಡನೇ ಸಾಲು 0, 2, 3, 2, 0. ಮೂರನೆಯದು 0, 1.5, 2, 1.5, 0.

ನಾನು ಮೂರನೇ ಸಾಲು ಬರೆಯುತ್ತಿದ್ದಾಗ ಅವನೇ ನಾಲ್ಕನೆಯದನ್ನು ಹೇಳಿದ. "0, 1, 1.5, 1, 0. ಸರಳು ತಣ್ಣಗಾಗುತ್ತಿದೆ ಮೇಡಂ." ಆಮೇಲೆ ಬೆಸುಗೆ ಹಾಕಿದ ಸರಳಿನ ನಡುಭಾಗ ಕೆಂಪಗಿದ್ದರೂ ಸ್ವಲ್ಪ ಹೊತ್ತು ತುದಿ ಹಿಡಿಯಬಹುದು, ಆದರೆ ಎಷ್ಟು ಹೊತ್ತು ಎಂಬುದನ್ನು ಅಪ್ಪ ಸರಳಿನ ದಪ್ಪ ನೋಡಿಯೇ ಹೇಳುತ್ತಾರೆ ಎಂದು ವಿವರಿಸಿದ. ಮೂರು ಸೆಮಿಸ್ಟರುಗಳಲ್ಲಿ ಎಂ-3 ಬಗ್ಗೆ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಅವನಿಗೆ ಅತ್ಯಂತ ಹತ್ತಿರವಿದ್ದ ಇಪ್ಪತ್ತು ಅಂಕಗಳನ್ನು ಹಿಂದಿನ ಪರೀಕ್ಷೆಯಲ್ಲಿ ಖಾಲಿ ಬಿಡಿಸಿದವಳು ನಾನು.

ಫೋರಿಯರ್ ಶ್ರೇಣಿಗೆ ನಾಲ್ಕು ವಾರ ಕೊಟ್ಟೆವು. ಎಕ್ಸ್ ವರ್ಗದ ಆ ಹಳೆಯ ಲೆಕ್ಕವನ್ನೇ ಮತ್ತೆ ಬಿಡಿಸಿಸಿದೆ. ಈ ಸಲ ಎನ್ ಪೈನ ಚಿಹ್ನೆ ಸರಿಯಾಗಿ ಬಂತು. ಬಾಲವನ್ನೂ ಬಿಡಿಸಿದ: ಎಕ್ಸ್ ಬದಲು ಪೈ ಹಾಕಿದಾಗ ಒಂದು, ನಾಲ್ಕನೇ ಒಂದು, ಒಂಬತ್ತನೇ ಒಂದು, ಹದಿನಾರನೇ ಒಂದು ಎಂದು ಕೊನೆಯಿಲ್ಲದೆ ಕೂಡುತ್ತ ಹೋದರೆ ಪೈ ವರ್ಗದ ಆರನೇ ಒಂದು ಭಾಗ ಬರುತ್ತದೆ. ಅವನಿಗೆ ನಂಬಿಕೆ ಬರಲಿಲ್ಲ. ವರ್ಗ ಸಂಖ್ಯೆಗಳ ನಡುವೆ ವೃತ್ತದ ಪೈ ಎಲ್ಲಿಂದ ಬಂತು? ಕ್ಯಾಲ್ಕುಲೇಟರ್ ತೆಗೆದು ಕೂಡತೊಡಗಿದ. ಹತ್ತು ಪದಗಳಿಗೆ 1.55. "ಆಗಲಿಲ್ಲ, 1.645 ಬರಬೇಕಲ್ಲ" ಎಂದ. ಇನ್ನೂ ಕೂಡು ಎಂದೆ. ಇಪ್ಪತ್ತು ಪದಗಳಿಗೆ 1.60. ಕಾಲೇಜಿನ ಬಸ್ ಹೊರಡುವ ಸಮಯವಾದರೂ ಎದ್ದಿರಲಿಲ್ಲ. 18ನೇ ಶತಮಾನದಲ್ಲಿ ಆಯ್ಲರ್ ಈ ಮೊತ್ತವನ್ನು ಕಂಡುಹಿಡಿದಾಗ ಯುರೋಪಿನ ಗಣಿತಜ್ಞರೂ ಹೀಗೆಯೇ ಬೆರಗಾಗಿದ್ದರು ಎಂದು ಹೇಳಿದೆ. ಇದು ಪರೀಕ್ಷೆಗೆ ಬೇಕಾದ ಮಾತಲ್ಲ. ಆದರೆ ಒಂದು ಪತ್ರಿಕೆಯನ್ನು ಮೂರು ಸಲ ಶಿಕ್ಷೆಯಂತೆ ಬರೆದವನಿಗೆ ಅದರೊಳಗೆ ಚೆಲುವಾದದ್ದೂ ಒಂದಿದೆ ಎಂದು ಕಾಣಬೇಕು ಎಂಬುದು ನನ್ನ ಆಸೆಯಾಗಿತ್ತು.

ಮೂರನೇ ಭಾಗ ಕೊನೆಯವರೆಗೂ ಬಿಗಿಯಾಗಿಯೇ ಉಳಿಯಿತು. ಝಡ್ ರೂಪಾಂತರದ ನೇರ ಪ್ರಶ್ನೆ ಮತ್ತು ವ್ಯತ್ಯಾಸ ಸಮೀಕರಣ, ಇಷ್ಟಕ್ಕೆ ನಿಂತೆವು.

ಹತ್ತನೇ ವಾರದಿಂದ ಗಡಿಯಾರ ಇಟ್ಟು ಬರೆಸಿದೆ. ಮೂರು ಗಂಟೆ, ಐದು ಪ್ರಶ್ನೆ, ಒಂದಕ್ಕೆ ಮೂವತ್ತಾರು ನಿಮಿಷ. ಹಳೆಯ ಪತ್ರಿಕೆಯಲ್ಲಿ ಎರಡನೇ ಭಾಗದ ಒಂದೇ ಇಂಟಿಗ್ರೇಷನ್ ಹಿಡಿದುಕೊಂಡು ಒಂದು ಗಂಟೆಗೂ ಹೆಚ್ಚು ಕೂತಿದ್ದನೆಂದು ಅವನೇ ಹೇಳಿದ್ದ. ಬರೆಯುವ ಕ್ರಮವನ್ನೂ ಬದಲಿಸಿದೆವು: ಮೊದಲು ಐದು, ಆಮೇಲೆ ನಾಲ್ಕು, ಒಂದು, ಎರಡು, ಕೊನೆಗೆ ಮೂರು. ಮೂವತ್ತಾರನೇ ನಿಮಿಷಕ್ಕೆ ಎಲ್ಲಿದ್ದರೂ ಅಲ್ಲಿಗೆ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಹನ್ನೆರಡನೇ ವಾರದ ಮಾದರಿ ಪರೀಕ್ಷೆಯಲ್ಲಿ ರುಂಗೆ-ಕುಟ್ಟಾ ಲೆಕ್ಕ ಇದ್ದಕ್ಕಿದ್ದಂತೆ ಪೂರ್ತಿ ತಪ್ಪಿತು. ಹೆಜ್ಜೆಗಳೆಲ್ಲ ಸರಿ, ಅಂಕಿಗಳು ಎಲ್ಲಿಯೋ. ಹುಡುಕಿದಾಗ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿತ್ತು, ಲೆಕ್ಕದಲ್ಲಿ ರೇಡಿಯನ್ನಿನಲ್ಲಿ ಹಾಕಬೇಕಾದ ಸೈನ್ ಇತ್ತು. ಅಂದಿನಿಂದ ಕ್ಯಾಲ್ಕುಲೇಟರಿನ ಬೆನ್ನಿಗೆ ‘ರೇಡಿಯನ್’ ಎಂದು ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿಕೊಂಡ. ಪರೀಕ್ಷಾ ಕೊಠಡಿಗೆ ಹೋಗುವಾಗ ಅದನ್ನು ಕಿತ್ತು ಹಾಕಲು ನೆನಪಿಸಿದೆ.

ಈ ನಡುವೆ ಒಂದು ಕಂಪನಿ ನೇಮಕಾತಿಗಾಗಿ ಕಾಲೇಜಿಗೆ ಬಂತು. ಉಳಿದ ವಿಷಯ ಇರುವವರು ಅರ್ಜಿ ಹಾಕುವಂತಿರಲಿಲ್ಲ. ಆ ದಿನ ಅವನ ಗೆಳೆಯರೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಭಾಂಗಣದ ಮುಂದೆ ಸಾಲುಗಟ್ಟಿದ್ದರು. ಮಂಗಳವಾರವಾಗಿತ್ತು. ಅವನು ನಾಲ್ಕಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ. ಐದು ನಿಮಿಷ ಮೊದಲೇ ಬಂದು ಬಾಗಿಲ ಬಳಿ ನಿಂತಿದ್ದ. ಆ ಸಂಜೆ ಅವನು ಮಾಡಿದ ಲೆಕ್ಕಗಳಲ್ಲಿ ಅರ್ಧ ತಪ್ಪಿದ್ದವು. ನಾನು ತಿದ್ದಲಿಲ್ಲ, ಇಬ್ಬರೂ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆವು.

ನಾಲ್ಕನೆಯ ಸಲ

ಪರೀಕ್ಷೆಯ ಹಿಂದಿನ ಸಂಜೆ ತಂದೆ ಫೋನ್ ಮಾಡಿದ್ದರಂತೆ. ಪಾಸಾಗು ಎಂದು ಹೇಳಲಿಲ್ಲ, ಊಟ ಮಾಡಿ ಮಲಗು ಎಂದು ಮಾತ್ರ ಹೇಳಿದರಂತೆ. ಹಿಂದಿನ ಮೂರು ಸಲ ಈ ಪತ್ರಿಕೆಯ ದಿನಾಂಕವೇ ಮನೆಯವರಿಗೆ ಗೊತ್ತಿರಲಿಲ್ಲ.

ಪತ್ರಿಕೆ ಸುಲಭವಾಗೇನೂ ಇರಲಿಲ್ಲ. ನಾಲ್ಕನೇ ಭಾಗದಲ್ಲಿ ಶಾಖದ ಸಮೀಕರಣ ಬಂದಿತ್ತು, ಅದು ಅವನ ಪಾಲಿನ ಸಮಾಧಾನ. ಲ್ಯಾಪ್ಲಾಸ್ ಪ್ರಶ್ನೆಯಲ್ಲಿ ತಾಳೆ ನೋಡುವಾಗ ಒಂದು ಚಿಹ್ನೆ ತಪ್ಪಿದ್ದು ಸಿಕ್ಕಿತು, ತಿದ್ದಿದ. ಫೋರಿಯರ್ ಶ್ರೇಣಿ ಮೂವತ್ತಾರು ನಿಮಿಷದಲ್ಲಿ ಮುಗಿಯಲಿಲ್ಲ. ಬಿಟ್ಟು ಮುಂದೆ ಹೋದೆ ಎಂದು ಹೇಳುವಾಗ ಅವನ ಧ್ವನಿಯಲ್ಲಿ ಹೆಮ್ಮೆಯಿತ್ತು. ಮೂರನೇ ಭಾಗದಲ್ಲಿ ಒಂದು ಉಪಪ್ರಶ್ನೆ ಮಾತ್ರ ಪೂರ್ತಿ ಬರೆದ.

ಫಲಿತಾಂಶ: ಅಂತಿಮ ಪರೀಕ್ಷೆಯಲ್ಲಿ 23, ಆಂತರಿಕ 24, ಒಟ್ಟು 47. ಪಿ ಗ್ರೇಡ್. ಉತ್ತೀರ್ಣರಾದವರಿಗೆ ಕೊಡುವ ಗ್ರೇಡುಗಳಲ್ಲಿ ಅದು ಕೊನೆಯದು. ಏಳನೇ ಸೆಮಿಸ್ಟರಿಗೆ ಅವನ ಹೆಸರು ನೋಂದಣಿಯಾಯಿತು. ಆ ವರ್ಷವೇ, ಸ್ವಲ್ಪ ತಡವಾಗಿ, ಬೆಳಗಾವಿಯ ಕಡೆಯ ಒಂದು ಬಿಡಿಭಾಗ ತಯಾರಿಕಾ ಘಟಕದಲ್ಲಿ ಅವನಿಗೆ ತರಬೇತಿಯ ಕೆಲಸ ಸಿಕ್ಕಿತು.

ಈ ಪ್ರಕರಣವನ್ನು ಗೆಲುವಿನ ಕಥೆಯಾಗಿ ಹೇಳಲು ನನಗೆ ಮನಸ್ಸಿಲ್ಲ. ಹದಿನಾಲ್ಕು ವಾರದ ಕೆಲಸ ಮೊದಲ ಫಲಿತಾಂಶದ ಮರುದಿನವೇ ಆರಂಭವಾಗಬಹುದಿತ್ತು. ಆಗ ಅವನು ಎರಡು ಸಲದ ಶುಲ್ಕ, ಒಂದೂವರೆ ವರ್ಷದ ಮುಚ್ಚುಮರೆ, ಆ ಮಂಗಳವಾರದ ಸಂಜೆ ಇವುಗಳಿಂದ ಪಾರಾಗುತ್ತಿದ್ದ. ವೈದ್ಯಕೀಯ ಪದವಿಯಲ್ಲಿ ಮೊದಲ ವರ್ಷದ ಪರೀಕ್ಷೆ ದಾಟಲು ನಾಲ್ಕೇ ಅವಕಾಶ. ಅಲ್ಲಿನ ವಿದ್ಯಾರ್ಥಿಯೊಬ್ಬ ಹೀಗೆ ಮೂರು ಸಲ ಕಾರಣ ತಿಳಿಯದೆ ಬರೆದರೆ ಅವನ ಪದವಿಯೇ ತೂಗುಯ್ಯಾಲೆಗೆ ಬೀಳುತ್ತದೆ.

ಈಗ ನನ್ನ ಗುಂಪಿನಲ್ಲಿ ಯಾರದ್ದಾದರೂ ವಿಷಯ ಉಳಿದರೆ, ಮೊದಲ ಸಲವೇ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಲು ಹೇಳುತ್ತೇನೆ. ಅದಕ್ಕೆ ಅರ್ಜಿ ಹಾಕಲು ಕೊಡುವ ಅವಧಿ ಚಿಕ್ಕದು, ಫಲಿತಾಂಶದ ದುಃಖದಲ್ಲಿ ಅದು ಕಳೆದುಹೋಗುತ್ತದೆ; ಆದ್ದರಿಂದ ಫಲಿತಾಂಶ ಬಂದ ದಿನವೇ ಕರೆ ಮಾಡುತ್ತೇನೆ. ಲ್ಯಾಟರಲ್ ಪ್ರವೇಶದವರಿಗೆ ಮೂರನೇ ಸೆಮಿಸ್ಟರಿನ ಮೊದಲ ವಾರದಲ್ಲಿಯೇ ಪಾರ್ಷಿಯಲ್ ಫ್ರ್ಯಾಕ್ಷನ್ನಿನ ಹತ್ತು ಲೆಕ್ಕ ಕೊಟ್ಟು ನೋಡುತ್ತೇನೆ. ತರಗತಿಯಲ್ಲಿ ಎನ್ ಪೈನ ಕೊಸೈನ್ ಬಂದಾಗ ನಿಂತು, ಎನ್ ಒಂದಾದರೆ, ಎರಡಾದರೆ, ಮೂರಾದರೆ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಎರಡು ನಿಮಿಷ ಹಿಡಿಯುತ್ತದೆ.

ಅದೇ ಪರೀಕ್ಷೆಯಲ್ಲಿ ನಮ್ಮ ವಿಭಾಗದಿಂದ ಎಂ-3 ಬರೆದ ಇನ್ನೊಬ್ಬ ಹುಡುಗ ಪಾಸಾಗಲಿಲ್ಲ, ವರ್ಷ ಕಳೆದುಕೊಂಡ. ಅವನೂ ಉತ್ತರ ಪತ್ರಿಕೆಯ ಪ್ರತಿ ತಂದಿದ್ದಾನೆ. ಅದರಲ್ಲಿ ಚಿಹ್ನೆಯ ತಪ್ಪುಗಳಿಲ್ಲ, ಬರೆದಷ್ಟೂ ಸರಿಯಾಗಿದೆ. ಎರಡು ಗಂಟೆಯ ನಂತರ ಬರವಣಿಗೆ ನಿಂತುಹೋಗಿದೆ, ಕೊನೆಯ ಹದಿನೆಂಟು ಪುಟಗಳು ಖಾಲಿ. ಕೇಳಿದಾಗ ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ, ಬೆಳಗಿನ ಪರೀಕ್ಷೆಗೆ ಅಲ್ಲಿಂದಲೇ ನೇರವಾಗಿ ಬಂದಿದ್ದೆ ಎಂದ. ಅವನಿಗೆ ಪಿಯುಸಿ ಪುಸ್ತಕದಿಂದ ಪ್ರಯೋಜನವಿಲ್ಲ. ಪ್ರಾಂಶುಪಾಲರ ಹತ್ತಿರ ವಿದ್ಯಾರ್ಥಿವೇತನದ ಅರ್ಜಿ ಕೊಟ್ಟು ಬಂದಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.